ಓದುಗರ ಪ್ರಶ್ನೆ: ಕಾರ್ನಾಡರು ತಮ್ಮ ನಾಟಕಗಳನ್ನೇ ಏಕೆ ಸಿನಿಮಾ ಮಾಡಲಿಲ್ಲ?

ಕಳೆದ ಸಂಚಿಕೆಯಲ್ಲಿ ಗಿರೀಶ ಕಾರ್ನಾಡರ ಬಗ್ಗೆ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಅವರ ನಾಟಕ ಮತ್ತು ಸಿನಿಮಾಗಳ ನಡುವಿನ ಸಂಬಂಧವನ್ನೇ ಕುರಿತು ಇದ್ದುದರಿಂದ, ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಕಾರ್ನಾಡರು ನಾಟಕಕಾರರೂ ಹೌದು, ಚಲನಚಿತ್ರ ನಿರ್ದೇಶಕರೂ ಹೌದು. ಹಾಗಿದ್ದೂ ತಮ್ಮದೇ ನಾಟಕಗಳನ್ನು ಅವರು ಸಿನಿಮಾ ಮಾಡಲಿಲ್ಲ. ಇದಕ್ಕೆ ಕಾರಣವೇನಿರಬಹುದು? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ನೀವು ಗಮನಿಸಿದ್ದು ಸರಿಯಾಗಿದೆ. ಅವರು ನಿರ್ದೇಶಿಸಿದ ಕಥಾಚಿತ್ರಗಳನ್ನು ಒಂದೊಂದಾಗಿ ನೆನಪಿಸಿಕೊಂಡರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಬಿ.ವಿ. ಕಾರಂತರೊಡನೆ ಸೇರಿ ಮಾಡಿದ 'ವಂಶವೃಕ್ಷ' ಮತ್ತು 'ತಬ್ಬಲಿಯು ನೀನಾದೆ ಮಗನೆ' ಎಸ್.ಎಲ್. ಭೈರಪ್ಪನವರ ಕಾದಂಬರಿಗಳು. 1973ರ 'ಕಾಡು' ಶ್ರೀಕೃಷ್ಣ ಆಲನಹಳ್ಳಿಯವರದು. 1999ರ 'ಕಾನೂರು ಹೆಗ್ಗಡಿತಿ' ಕುವೆಂಪು ಅವರದು. ಹಿಂದಿಯ 'ಉತ್ಸವ್' ಶೂದ್ರಕನ 'ಮೃಚ್ಛಕಟಿಕ'ದಿಂದ ಬಂದದ್ದು. 'ಚೆಲುವಿ' ಎ.ಕೆ. ರಾಮಾನುಜನ್ ಅವರು ಸಂಗ್ರಹಿಸಿದ, ಹುಡುಗಿಯೊಬ್ಬಳು ಹೂಮರವಾಗುವ ಜನಪದ ಕಥೆ. ಶಂಕರ್ ನಾಗ್ ಅವರನ್ನು ಬೆಳ್ಳಿತೆರೆಗೆ ತಂದ 'ಒಂದಾನೊಂದು ಕಾಲದಲ್ಲಿ' ಮಾತ್ರ ಸಿನಿಮಾಕ್ಕೆಂದೇ ಹುಟ್ಟಿದ ಕಥೆ. 'ನಾಗಮಂಡಲ' ತೆರೆಗೆ ಬಂದದ್ದು 1997ರಲ್ಲಿ, ಟಿ.ಎಸ್. ನಾಗಾಭರಣರ ಕೈಯಿಂದ. 'ಅಗ್ನಿ ಮತ್ತು ಮಳೆ' ಹಿಂದಿ ಸಿನಿಮಾ ಆದದ್ದೂ ಬೇರೊಬ್ಬ ನಿರ್ದೇಶಕರಿಂದ.

ಇದನ್ನು ಕೇವಲ ಅವಕಾಶದ ಮಾತೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ನನ್ನ ತಿಳಿವಳಿಕೆಯಂತೆ, ಮನುಷ್ಯನ ಒಳಗಿನ ನೋವನ್ನು ತೋರಿಸಲು ಕಾರ್ನಾಡರಿಗೆ ಎರಡು ಬೇರೆ ಬೇರೆ ದಾರಿಗಳಿದ್ದವು. ರಂಗದ ಮೇಲೆ ಅವರು ಒಂದು ಮನಸ್ಸನ್ನು ಎರಡು ಮೈಗಳಾಗಿ ಸೀಳಿ ಎದುರುಬದುರು ನಿಲ್ಲಿಸುತ್ತಿದ್ದರು. ತೆರೆಯ ಮೇಲೆ, ತಾವು ಸ್ವಲ್ಪ ದೂರ ನಿಂತು, ಇನ್ನೊಬ್ಬರ ಮನೆಯಲ್ಲಿ ನಡೆಯುವ ಸಂಕಟವನ್ನು ಬಾಗಿಲ ಸಂದಿಯಿಂದ ನೋಡುವವರಂತೆ ನೋಡುತ್ತಿದ್ದರು. ಮೊದಲನೆಯದಕ್ಕೆ ಪುರಾಣ, ಇತಿಹಾಸ, ಜನಪದ ಕಥೆಗಳು ಬೇಕಾದವು. ಎರಡನೆಯದಕ್ಕೆ ಮನೆ, ಅಂಗಳ, ಹಳ್ಳಿ, ಕಾಡುಗಳಿಂದ ತುಂಬಿದ ಕಾದಂಬರಿಗಳು ಬೇಕಾದವು.

'ಹಯವದನ'ವನ್ನೇ ತೆಗೆದುಕೊಳ್ಳಿ. ಪದ್ಮಿನಿಯ ಗಂಡ ದೇವದತ್ತ ಮತ್ತು ಅವನ ಗೆಳೆಯ ಕಪಿಲ, ಇವರಿಬ್ಬರ ತಲೆಗಳು ಅದಲುಬದಲಾಗುವುದು ರಂಗದ ಮೇಲೆ ಮುಖವಾಡಗಳ ಬದಲಾವಣೆಯಿಂದ ಆಗಿಹೋಗುತ್ತದೆ. ಪ್ರೇಕ್ಷಕ ಅದನ್ನು ಆ ಕ್ಷಣವೇ ಒಪ್ಪಿಕೊಂಡು, ಪದ್ಮಿನಿಯ ಕಷ್ಟದ ಕಡೆಗೆ ತಿರುಗುತ್ತಾನೆ: ಬುದ್ಧಿ ಒಬ್ಬನದು, ತೋಳು ಒಬ್ಬನದು, ಎರಡೂ ಬೇಕೆನ್ನುವ ಹೆಣ್ಣು ಯಾರ ಕೈ ಹಿಡಿಯಬೇಕು? ಇದೇ ದೃಶ್ಯವನ್ನು ಕ್ಯಾಮೆರಾ ಹತ್ತಿರದಿಂದ ತೋರಿಸಿದರೆ ನಮ್ಮ ಕಣ್ಣು ಕತ್ತಿನ ಬಳಿ ಹೊಲಿಗೆಯ ಗುರುತನ್ನು ಹುಡುಕತೊಡಗುತ್ತದೆ, ಪದ್ಮಿನಿ ಹಿಂದೆ ಸರಿಯುತ್ತಾಳೆ. ಪದ್ಮಿನಿಯ ಮನಸ್ಸಿನಲ್ಲಿ ಹಣಕುವ ಕನಸುಗಳನ್ನು ನಾಟಕದಲ್ಲಿ ಎರಡು ಗೊಂಬೆಗಳು ಹೊರಗೆ ಆಡಿಬಿಡುತ್ತವೆ. ಗಂಡನಿಗೆ ಕಾಣದ ಅವಳ ಒಳಗು, ತೊಟ್ಟಿಲ ಮಗುವಿಗೆಂದು ತಂದ ಆಟದ ಸಾಮಾನಿಗೆ ಕಾಣುತ್ತದೆ. ಈ ಉಪಾಯದ ಅಂದ ರಂಗಕ್ಕೇ ಸೇರಿದ್ದು, ಕಾರ್ನಾಡರಿಗೆ ಅದು ಚೆನ್ನಾಗಿ ಗೊತ್ತಿತ್ತು ಎಂದು ನಾನು ನಂಬುತ್ತೇನೆ.

'ನಾಗಮಂಡಲ'ದಲ್ಲಿಯೂ ಅಷ್ಟೇ. ಮನೆಮನೆಯ ದೀಪಗಳು ಆರಿದ ಮೇಲೆ ಆ ಜ್ವಾಲೆಗಳು ಪಾಳುಗುಡಿಗೆ ಬಂದು ತಮ್ಮ ತಮ್ಮ ಮನೆಯ ಗುಟ್ಟುಗಳನ್ನು ಹರಟುತ್ತವೆ. ಹೇಳದೆ ಉಳಿದ ಕಥೆಯೊಂದು ಹೆಣ್ಣಿನ ರೂಪ ತಳೆದು, ಸೀರೆಯುಟ್ಟು ಬರುತ್ತದೆ. ನಾಗಾಭರಣರ ಚಿತ್ರ ತನ್ನದೇ ರೀತಿಯಲ್ಲಿ ಸೊಗಸಾಗಿದೆ, ಸಿ. ಅಶ್ವತ್ಥರ ಸಂಗೀತವನ್ನಂತೂ ಮರೆಯಲಾಗದು. ಆದರೆ ನಾಟಕದ ಆ ದೀಪಗಳ ಮಾತು ಓದುವವನ ಎದೆಯಲ್ಲಿ ಹೊತ್ತಿಸುವ ಬೆಳಕೇ ಬೇರೆ.

ಪ್ರಶ್ನೆ: ಕಾರ್ನಾಡರ ನಾಟಕಗಳು ಬುದ್ಧಿಯ ನಾಟಕಗಳು, ಅವುಗಳಲ್ಲಿ ಭಾವ ಕಡಿಮೆ ಎಂದು ನಮ್ಮ ತರಗತಿಯಲ್ಲಿ ಚರ್ಚೆಯಾಯಿತು. ತಮ್ಮ ಅಭಿಪ್ರಾಯವೇನು? (ಮೈಸೂರಿನ ಸ್ನಾತಕೋತ್ತರ ವಿದ್ಯಾರ್ಥಿನಿ)

ಉತ್ತರ: ಈ ಮಾತನ್ನು ನಾನು ಬಹಳ ವರ್ಷಗಳಿಂದ ಕೇಳುತ್ತಿದ್ದೇನೆ, ಒಮ್ಮೆಯೂ ಒಪ್ಪಲಾಗಿಲ್ಲ. ಅವರ ನಾಟಕಗಳ ಕಟ್ಟಡ ಬುದ್ಧಿಯಿಂದ ಆದದ್ದು ನಿಜ. ಆದರೆ ಆ ಕಟ್ಟಡದೊಳಗೆ ವಾಸವಾಗಿರುವವರು ಯಾರು ಎಂದು ನೋಡಬೇಕು.

1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿದ 'ಯಯಾತಿ'ಯಿಂದಲೇ ಆರಂಭಿಸೋಣ. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೊರಟ ಇಪ್ಪತ್ತೆರಡರ ಯುವಕನಿಗೆ, ಹೋದ ಮಗ ಹಿಂತಿರುಗುವನೋ ಇಲ್ಲವೋ ಎಂಬ ಮನೆಯವರ ಆತಂಕ ಒಂದು ಭಾರವಾಗಿತ್ತು. ಹಿರಿಯರಿಗಾಗಿ ತನ್ನ ಮುಂದಿನ ಬದುಕನ್ನು ಬಲಿಕೊಡಬೇಕೆ ಎಂಬ ಸಿಟ್ಟು ಆ ನಾಟಕದಲ್ಲಿ ಸೇರಿಕೊಂಡಿತ್ತೆಂದು ಅವರೇ ಮುಂದೆ ಬರೆದಿದ್ದಾರೆ. ಇಂಗ್ಲಿಷ್ ಕವಿಯಾಗಬೇಕೆಂದು ಹಂಬಲಿಸಿದ್ದ ಆ ಹುಡುಗನಿಂದ ಆ ಸಿಟ್ಟು ಹೊರಬಿದ್ದದ್ದು ಕನ್ನಡದಲ್ಲಿ, ಅದೂ ಮಹಾಭಾರತದ ಕಥೆಯಾಗಿ. ತಂದೆ ಯಯಾತಿಯ ಮುಪ್ಪನ್ನು ಮಗ ಪುರು ಹೊತ್ತುಕೊಂಡ ಕಥೆ ನಮಗೆಲ್ಲ ಗೊತ್ತು. ಆ ಮಗನಿಗೊಬ್ಬ ಹೆಂಡತಿಯಿದ್ದರೆ ಅವಳ ಗತಿಯೇನು ಎಂದು ಕೇಳಿದವರು ಕಾರ್ನಾಡರು. ಮದುವೆಯಾಗಿ ಬಂದ ಚಿತ್ರಲೇಖೆ, ಆರತಿ ಹಿಡಿದು ಗಂಡನ ಮುಖ ನೋಡಿದಾಗ ಅಲ್ಲಿ ಮುದುಕನಿದ್ದಾನೆ. ಮಾವ ಅವಳಿಗೆ ಧರ್ಮ, ವಂಶ, ಹೆಮ್ಮೆ ಎಂದು ಉಪದೇಶ ಹೇಳುತ್ತಾನೆ. ಅವಳು ತಿರುಗಿ ಕೇಳುವ ಮಾತಿನ ಸಾರ ಇಷ್ಟೇ: ನಾನು ಕೈಹಿಡಿದದ್ದು ಪುರುವಿನ ಯೌವನವನ್ನು, ಆ ಯೌವನ ಈಗ ನಿಮ್ಮಲ್ಲಿದೆ, ಹಾಗಾದರೆ ನನ್ನನ್ನೂ ಸ್ವೀಕರಿಸುತ್ತೀರಾ? ಯಯಾತಿ ಬೆಚ್ಚಿ ಹಿಮ್ಮೆಟ್ಟುತ್ತಾನೆ, ಅವಳು ವಿಷ ಕುಡಿಯುತ್ತಾಳೆ. ಇದರಲ್ಲಿ ತರ್ಕವಿದೆ, ನಿಜ. ಆದರೆ ಎಲ್ಲ ಬಾಗಿಲುಗಳೂ ಮುಚ್ಚಿದ ಹೆಣ್ಣೊಬ್ಬಳಿಗೆ ಕೊನೆಗೆ ಉಳಿದ ಒಂದೇ ಆಯುಧ ಆ ತರ್ಕ. ಅದನ್ನು ಓದುವಾಗ ನನಗೆ ಇಂದಿಗೂ ಗಂಟಲು ಕಟ್ಟುತ್ತದೆ.

'ತುಘಲಕ್'ನಲ್ಲಿ ಇನ್ನೊಂದು ದೃಶ್ಯವಿದೆ. ತಾನು ಅತಿಯಾಗಿ ಪ್ರೀತಿಸುವ ಮಲತಾಯಿಯೇ ತನ್ನ ಆಪ್ತ ಮಂತ್ರಿ ನಜೀಬನನ್ನು ಕೊಲ್ಲಿಸಿದ್ದು ಎಂದು ಸುಲ್ತಾನನಿಗೆ ತಿಳಿಯುತ್ತದೆ. ಅವಳನ್ನು ಕಲ್ಲು ಹೊಡೆದು ಕೊಲ್ಲುವಂತೆ ಆಜ್ಞೆ ಮಾಡುತ್ತಾನೆ. ಭಟರು ಅವಳನ್ನು ಎಳೆದೊಯ್ದ ಮೇಲೆ, ಇಡೀ ರಾಜ್ಯದಲ್ಲಿ ಪ್ರಾರ್ಥನೆಯನ್ನೇ ನಿಲ್ಲಿಸಿದ ಆ ದೊರೆ, ಯಾರೂ ಇಲ್ಲದ ಕೋಣೆಯಲ್ಲಿ ಮಂಡಿಯೂರಿ ದೇವರನ್ನು ಕರೆಯುತ್ತಾನೆ. 1964ರಲ್ಲಿ ಬಂದ ಈ ನಾಟಕವನ್ನು ನೆಹರೂ ಯುಗದ ಭ್ರಮನಿರಸನದ ರೂಪಕವೆಂದು ಓದುವ ರೂಢಿ ಬೆಳೆದಿದೆ. ಆ ಓದು ತಪ್ಪಲ್ಲ, ಆದರೆ ಸಿ.ಆರ್. ಸಿಂಹ ಅವರ ತುಘಲಕನನ್ನು ನೋಡಿದವರು ಮನೆಗೆ ಹೊತ್ತು ತಂದದ್ದು ರಾಜಕೀಯ ಪಾಠವನ್ನಲ್ಲ, ತಾನು ಪ್ರೀತಿಸಿದ ಎಲ್ಲವನ್ನೂ ತನ್ನ ಕೈಯಾರೆ ಕಳೆದುಕೊಂಡವನ ಒಂಟಿತನವನ್ನು.

ಈ ಗುಣ ಅವರಿಗೆ ಎಲ್ಲಿಂದ ಬಂತು ಎಂದೂ ನಿಮ್ಮ ತರಗತಿಯಲ್ಲಿ ಕೇಳಬಹುದು. ಶಿರಸಿಯಲ್ಲಿ ಕಳೆದ ಬಾಲ್ಯದಲ್ಲಿ ಅವರು ನಾಟಕ ಕಂಪನಿಗಳ ಆಟಗಳನ್ನೂ ಯಕ್ಷಗಾನವನ್ನೂ ನೋಡಿ ಬೆಳೆದರು. ಆಮೇಲೆ ಮುಂಬಯಿಯಲ್ಲಿ, ಇಬ್ರಾಹಿಂ ಅಲ್ಕಾಜಿ ನಿರ್ದೇಶಿಸಿದ ಸ್ಟ್ರಿಂಡ್‌ಬರ್ಗನ 'ಮಿಸ್ ಜೂಲಿ' ನೋಡಿದ ರಾತ್ರಿ ತಮ್ಮನ್ನು ಅಲುಗಾಡಿಸಿತೆಂದು ಅವರು ನೆನೆದಿದ್ದಾರೆ. ಒಂದು ಕಡೆ, ಮನುಷ್ಯರು ತಮ್ಮ ಒಳಗನ್ನು ಅಷ್ಟು ಬತ್ತಲಾಗಿ ರಂಗದ ಮೇಲೆ ತೆರೆದಿಡಬಹುದೆಂಬ ಬೆರಗು. ಇನ್ನೊಂದು ಕಡೆ ಡಿಮ್ಮರ್‌ನಿಂದ ಮೆಲ್ಲಗೆ ಏರುವ, ಮೆಲ್ಲಗೆ ಇಳಿಯುವ ಬೆಳಕಿನ ಬೆರಗು. ಇವೆರಡನ್ನೂ ಒಂದೇ ಉಸಿರಿನಲ್ಲಿ ನೆನೆಯುವವನನ್ನು ಬರಿಯ ಬುದ್ಧಿಜೀವಿ ಎನ್ನುವುದು ಹೇಗೆ?

ಪ್ರಶ್ನೆ: 'ವಂಶವೃಕ್ಷ'ದ ಕಾತ್ಯಾಯನಿಯ ಕಥೆಗೂ ಕಾರ್ನಾಡರ ತಾಯಿಯ ಬದುಕಿಗೂ ಸಂಬಂಧವಿದೆಯೆಂದು ಹಿರಿಯರೊಬ್ಬರು ಹೇಳಿದರು. ಇದು ನಿಜವೆ? (ಧಾರವಾಡದ ಓದುಗರು)

ಉತ್ತರ: ಕಾತ್ಯಾಯನಿ ಭೈರಪ್ಪನವರ ಸೃಷ್ಟಿ. ಆದ್ದರಿಂದ ಅವಳ ಕಥೆ ಕಾರ್ನಾಡರ ಮನೆಯಿಂದ ಬಂದದ್ದಲ್ಲ ಎಂಬುದನ್ನು ಮೊದಲು ಸ್ಪಷ್ಟವಾಗಿ ಹೇಳಬೇಕು. ಆದರೂ ನಿಮ್ಮ ಹಿರಿಯರ ಮಾತಿನ ಹಿಂದೆ ಒಂದು ಸತ್ಯಾಂಶವಿದೆ.

ಕಾರ್ನಾಡರ ತಾಯಿ ಕೃಷ್ಣಾಬಾಯಿಯವರು ಎಳೆಯ ವಯಸ್ಸಿನಲ್ಲೇ ವಿಧವೆಯಾದರು, ಕೈಯಲ್ಲಿ ಒಂದು ಗಂಡುಮಗುವಿತ್ತು. ಬದುಕಿನ ದಾರಿ ಹುಡುಕಿಕೊಂಡು ನರ್ಸ್ ತರಬೇತಿ ಪಡೆದರು. ಆಗ ಅವರ ಬಾಳಿಗೆ ಬಂದ ಡಾ. ರಘುನಾಥ ಕಾರ್ನಾಡರನ್ನು ಮದುವೆಯಾಗಲು, ವಿಧವಾವಿವಾಹದ ಬಗ್ಗೆ ಸಮಾಜಕ್ಕಿದ್ದ ತಿರಸ್ಕಾರದಿಂದಾಗಿ, ವರ್ಷಗಳೇ ಕಾಯಬೇಕಾಯಿತು. ಈ ಎಲ್ಲವನ್ನೂ ಕಾರ್ನಾಡರು 2011ರಲ್ಲಿ ಬಂದ ತಮ್ಮ ಆತ್ಮಕಥನ 'ಆಡಾಡತ ಆಯುಷ್ಯ'ದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಈಗ ಚಿತ್ರವನ್ನು ನೋಡೋಣ. ನಂಜನಗೂಡಿನಲ್ಲಿ ಕಪಿಲೆಯ ಪ್ರವಾಹಕ್ಕೆ ಸಿಕ್ಕಿ ಗಂಡ ತೀರಿಕೊಂಡ ಮೇಲೆ ಕಾತ್ಯಾಯನಿ ರೈಲಿನಲ್ಲಿ ಮೈಸೂರಿನ ಕಾಲೇಜಿಗೆ ಹೋಗಿಬರುತ್ತಾಳೆ. ಅಲ್ಲಿ ರಾಜನ ಪರಿಚಯವಾಗಿ ಮರುಮದುವೆಯಾಗುತ್ತಾಳೆ, ಮಗನನ್ನು ಮಾವ ಶ್ರೀನಿವಾಸ ಶ್ರೋತ್ರಿಗಳ ಬಳಿಯೇ ಬಿಟ್ಟುಹೋಗಬೇಕಾಗುತ್ತದೆ. ಆ ರಾಜನ ಪಾತ್ರವನ್ನು ಮಾಡಿದವರು ಸ್ವತಃ ಕಾರ್ನಾಡರು. ಮಗುವಿದ್ದ ವಿಧವೆಯನ್ನು ಮದುವೆಯಾದ ತಂದೆಯ ಮಗ, ಮಗುವಿದ್ದ ವಿಧವೆಯನ್ನು ಮದುವೆಯಾಗುವ ಗಂಡಸಾಗಿ ಕ್ಯಾಮೆರಾದ ಮುಂದೆ ನಿಂತಿದ್ದಾರೆ. ಎಲ್.ವಿ. ಶಾರದಾ ಅವರ ಕಾತ್ಯಾಯನಿಯ ಮುಖದಲ್ಲಿ ಹೊಸ ಬದುಕಿನ ಆಸೆ ಮತ್ತು ಬಿಟ್ಟುಬಂದ ಮಗುವಿನ ಕೊರಗು ಒಟ್ಟೊಟ್ಟಿಗೆ ಓಡಾಡುವುದನ್ನು ಗಮನಿಸಿ. ಕಾದಂಬರಿ ಶ್ರೋತ್ರಿಗಳ ಧರ್ಮದ ಕಡೆಗೆ ಹೆಚ್ಚು ವಾಲಿದರೆ, ಚಿತ್ರ ಕಾತ್ಯಾಯನಿಯ ಕಡೆಗೆ ಒಂದು ಹೆಜ್ಜೆ ಹತ್ತಿರವಿದೆ ಎಂದು ನನಗೆ ಅನ್ನಿಸುತ್ತದೆ. ಅದಕ್ಕೆ ತಾಯಿಯ ಬದುಕೇ ಕಾರಣವೆಂದು ಸಾಧಿಸಿ ತೋರಿಸುವಂತಿಲ್ಲ, ಸಾಧಿಸಬೇಕಾಗಿಯೂ ಇಲ್ಲ. ಆ ವರ್ಷದ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಕಾರ್ನಾಡ ಮತ್ತು ಕಾರಂತ ಇಬ್ಬರಿಗೂ ಒಟ್ಟಾಗಿ ಸಂದಿತು. ವಿಷ್ಣುವರ್ಧನ್ ಅವರು ಚಿಕ್ಕ ಪಾತ್ರದಲ್ಲಿ ಮೊದಲು ಕಾಣಿಸಿಕೊಂಡದ್ದೂ ಇದೇ ಚಿತ್ರದಲ್ಲಿ.

ಆತ್ಮಕಥನದ ಅರ್ಪಣೆಯ ಬಗ್ಗೆಯೂ ಒಂದು ಮಾತು ಸೇರಿಸಬೇಕು. ಕಾರ್ನಾಡರು ಮೂವತ್ತೈದರ ಹರೆಯದವರಾಗಿದ್ದಾಗ, ಧಾರವಾಡದ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ, ತಾಯಿ ಒಂದು ಹಳೆಯ ಸಂಗತಿಯನ್ನು ಹೇಳಿದರು. ಇನ್ನೊಂದು ಮಗು ಬೇಡವೆಂದು ಗರ್ಭ ತೆಗೆಸಲು ಪುಣೆಯಲ್ಲಿ ಒಬ್ಬ ವೈದ್ಯೆಯ ಬಳಿ ಹೋಗಿದ್ದರಂತೆ. ವೈದ್ಯೆ ಬರಲಿಲ್ಲ. ಕಾದು ಕಾದು ಹಿಂತಿರುಗಿದರು, ಆಮೇಲೆ ಮತ್ತೆ ಹೋಗಲಿಲ್ಲ. ಆ ಹೊತ್ತಿಗೆ 'ತುಘಲಕ್', 'ಹಯವದನ' ಬರೆದು ಮುಗಿಸಿದ್ದ ಮಗ ಅದನ್ನು ಕೇಳುತ್ತ ಕುಳಿತಿದ್ದ. ಆತ್ಮಕಥನ ಅರ್ಪಿತವಾಗಿರುವುದು, ಅಂದು ಬಾರದೆ ಹೋದ ಆ ವೈದ್ಯೆಗೆ. ಊಟದ ಎಲೆಯ ಮುಂದೆ ಸಹಜವಾಗಿ ಆಡಿದ ಒಂದು ಮಾತು ಒಬ್ಬ ಮನುಷ್ಯನ ಇಡೀ ಇರವನ್ನು ಅಲುಗಿಸುವ ಇಂಥ ಕ್ಷಣವನ್ನು ಯಾವ ನಾಟಕಕಾರನೂ ಇದಕ್ಕಿಂತ ಸರಳವಾಗಿ ಬರೆಯಲಾರ.

ಪ್ರಶ್ನೆ: ಕಾರ್ನಾಡರ ಚಿತ್ರಗಳಲ್ಲಿ ಒಂದನ್ನೇ ನೋಡಬೇಕೆಂದರೆ ಯಾವುದನ್ನು ಸೂಚಿಸುತ್ತೀರಿ? (ಪುಣೆಯಲ್ಲಿರುವ ಕನ್ನಡಿಗರೊಬ್ಬರು)

ಉತ್ತರ: ಹಿಂದೆಮುಂದೆ ನೋಡದೆ 'ಕಾಡು' ಎನ್ನುತ್ತೇನೆ. ಓದಲೆಂದು ಚಿಕ್ಕಪ್ಪನ ಮನೆಗೆ ಬಂದ ಕಿಟ್ಟಿ ಎಂಬ ಹುಡುಗ, ದೊಡ್ಡವರ ಲೋಕವನ್ನು ಅರ್ಥವಾದಷ್ಟು, ಅರ್ಥವಾಗದಷ್ಟು ನೋಡುತ್ತ ಹೋಗುತ್ತಾನೆ. ಆ ಚಿಕ್ಕಪ್ಪ ಚಂದ್ರೇಗೌಡನಿಗೆ ಪಕ್ಕದ ಊರಿನಲ್ಲಿ ಇನ್ನೊಬ್ಬಳಿದ್ದಾಳೆ. ಹೆಂಡತಿ ಕಮಲಿ ಗಂಡನನ್ನು ಮರಳಿ ಪಡೆಯಲು ಮಾಟಮಂತ್ರದ ಮೊರೆಹೋಗುತ್ತಾಳೆ. ಎರಡು ಊರುಗಳ ನಡುವಿನ ಹಗೆ ನಿಧಾನವಾಗಿ ಹೊಗೆಯಾಡಿ ಬೆಂಕಿಯಾಗುತ್ತದೆ. ಕಾಡಿನಲ್ಲೊಂದು ಹಕ್ಕಿಯಿದೆ, ಅದು ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟವನು ಉಳಿಯುವುದಿಲ್ಲ ಎಂಬ ನಂಬಿಕೆ ಚಿತ್ರದುದ್ದಕ್ಕೂ ಹುಡುಗನ ಬೆನ್ನಿಗಿದೆ.

ಮೊದಲ ಉತ್ತರದಲ್ಲಿ ಬಾಗಿಲ ಸಂದಿಯ ಮಾತು ಹೇಳಿದೆನಲ್ಲ, ಆ ನೋಟಕ್ಕೆ ಕಿಟ್ಟಿಯ ಕಣ್ಣುಗಳೇ ಸಾಕ್ಷಿ. ಕಮಲಿಯ ಅಳುವಿಗೆ ಚಿತ್ರ ಯಾವ ವಿವರಣೆಯನ್ನೂ ಕೊಡುವುದಿಲ್ಲ. ಅವಳನ್ನು ನೋಡುತ್ತಿರುವ ಹುಡುಗನಿಗೆ ಏನು ಮಾಡಬೇಕೆಂದು ತೋಚುವುದಿಲ್ಲ, ಆ ತೋಚದಿರುವಿಕೆಯೇ ನಮ್ಮದಾಗುತ್ತದೆ. ಮಾತಿನ ಮೇಲೆ ಅಷ್ಟು ಹಿಡಿತವಿದ್ದ ನಾಟಕಕಾರ ಇಲ್ಲಿ ಮಾತನ್ನು ಬಿಟ್ಟುಕೊಟ್ಟು, ಗೋವಿಂದ ನಿಹಲಾನಿಯವರ ಕ್ಯಾಮೆರಾವನ್ನೂ ಕಾರಂತರ ಸಂಗೀತವನ್ನೂ ಕಾಡಿನ ಸದ್ದುಗಳನ್ನೂ ನಂಬಿದ್ದಾರೆ. ಚಂದ್ರೇಗೌಡನಾಗಿ ಅಮರೀಶ್ ಪುರಿ ಇದ್ದಾರೆ. ಕಮಲಿಯಾದ ನಂದಿನಿ ಭಕ್ತವತ್ಸಲ ಅವರಿಗೆ ಅತ್ಯುತ್ತಮ ನಟಿ ಎಂಬ ರಾಷ್ಟ್ರಪ್ರಶಸ್ತಿ ಬಂತು, ಕಿಟ್ಟಿಯಾದ ನಟರಾಜನಿಗೆ ಬಾಲನಟ ಪ್ರಶಸ್ತಿ ಬಂತು.

ಪ್ರಶ್ನೆ: ನಮ್ಮ ತಲೆಮಾರಿಗೆ ಅವರು 'ಮಾಲ್ಗುಡಿ ಡೇಸ್'ನ ಸ್ವಾಮಿಯ ತಂದೆ ಎಂದೇ ಪರಿಚಯ. ನಟನೆಯನ್ನು ಅವರು ಗಂಭೀರವಾಗಿ ತೆಗೆದುಕೊಂಡಿದ್ದರೇ? (ದುಬೈನಲ್ಲಿರುವ ಓದುಗರು)

ಉತ್ತರ: 1970ರ 'ಸಂಸ್ಕಾರ'ದ ಪ್ರಾಣೇಶಾಚಾರ್ಯರನ್ನು ನೋಡಿದವರಿಗೆ ಈ ಪ್ರಶ್ನೆ ಏಳುವುದಿಲ್ಲ. ಪಟ್ಟಾಭಿರಾಮ ರೆಡ್ಡಿಯವರ ಆ ಚಿತ್ರಕ್ಕೆ ಚಿತ್ರಕಥೆ ಬರೆದವರೂ ಕಾರ್ನಾಡರೇ. ಮುಂದೆ ಶ್ಯಾಮ್ ಬೆನಗಲ್‌ರ 'ಮಂಥನ್'ನಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘ ಕಟ್ಟಲು ಬಂದ ಡಾ. ರಾವ್ ಆಗಿ ಅವರು ತೋರಿದ ಸಂಯಮವನ್ನೂ ನೋಡಿ.

ಪ್ರಶ್ನೆ: ನಮ್ಮ ಹವ್ಯಾಸಿ ತಂಡ 'ಒಡಕಲು ಬಿಂಬ'ವನ್ನು ಆಡಬೇಕೆಂದಿದೆ. ಒಂದೇ ಪಾತ್ರದ ನಾಟಕವಾದ್ದರಿಂದ ಸುಲಭವೆಂದುಕೊಂಡಿದ್ದೇವೆ. ಸಲಹೆ ನೀಡುವಿರಾ? (ದಾವಣಗೆರೆಯ ರಂಗಾಸಕ್ತರು)

ಉತ್ತರ: ದಯವಿಟ್ಟು ಸುಲಭವೆಂದುಕೊಳ್ಳಬೇಡಿ. ಇದು ಕಾರ್ನಾಡರ ಒಳಗಿದ್ದ ನಾಟಕಕಾರ ಮತ್ತು ಸಿನಿಮಾದವನು ಕೊನೆಗೂ ಒಂದೇ ವೇದಿಕೆಯ ಮೇಲೆ ಕೂಡಿದ ನಾಟಕ. 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಕೆ.ಎಂ. ಚೈತನ್ಯರೊಡನೆ ಸ್ವತಃ ಕಾರ್ನಾಡರೇ ಇದನ್ನು ನಿರ್ದೇಶಿಸಿದರು, ಕನ್ನಡದಲ್ಲಿ ಅರುಂಧತಿ ನಾಗ್ ಅಭಿನಯಿಸಿದರು. ಕನ್ನಡದ ಲೇಖಕಿ ಮಂಜುಳಾ ನಾಯಕ್ ಇಂಗ್ಲಿಷ್ ಕಾದಂಬರಿಯೊಂದರಿಂದ ಹಠಾತ್ತನೆ ಜಗತ್ಪ್ರಸಿದ್ಧಳಾಗಿದ್ದಾಳೆ. ಟಿ.ವಿ. ಸ್ಟುಡಿಯೋದಲ್ಲಿ ಭಾಷಣ ಮುಗಿಸಿ ಏಳುವಾಗ, ಪರದೆಯ ಮೇಲಿನ ಅವಳದೇ ಬಿಂಬ ಮಾಯವಾಗದೆ ನಿಂತು ಅವಳನ್ನು ಪ್ರಶ್ನಿಸತೊಡಗುತ್ತದೆ. ಅಂಗವಿಕಲೆಯಾಗಿದ್ದು ತೀರಿಕೊಂಡ ತಂಗಿ ಮಾಲಿನಿಯ ವಿಷಯ, ಗಂಡನ ವಿಷಯ, ಆ ಕಾದಂಬರಿಯನ್ನು ನಿಜವಾಗಿ ಬರೆದವರ ವಿಷಯ ಒಂದೊಂದಾಗಿ ಹೊರಬೀಳುತ್ತದೆ. 'ಹಯವದನ'ದಲ್ಲಿ ಗೊಂಬೆಗಳು ಮಾಡಿದ ಕೆಲಸವನ್ನು ಇಲ್ಲಿ ಟಿ.ವಿ. ಮಾಡುತ್ತಿದೆ.

ಬಿಂಬದ ಮಾತುಗಳನ್ನು ನೀವು ಮೊದಲೇ ಚಿತ್ರೀಕರಿಸಿಕೊಳ್ಳಬೇಕು. ಅಲ್ಲಿಯೇ ನಿಜವಾದ ಪರೀಕ್ಷೆಯಿದೆ. ಪ್ರತಿ ಪ್ರಶ್ನೆಯ ನಂತರ ರಂಗದ ಮೇಲಿನ ನಟಿ ಉತ್ತರಿಸಲು ಎಷ್ಟು ಸೆಕೆಂಡು ಬೇಕೋ ಅಷ್ಟು ಮೌನವನ್ನು ಧ್ವನಿಮುದ್ರಣದಲ್ಲಿ ಬಿಟ್ಟಿರಬೇಕು, ಆ ಮೌನದಲ್ಲಿ ಬಿಂಬ ಕೇಳಿಸಿಕೊಳ್ಳುತ್ತಿರುವಂತೆ ಕಾಣಬೇಕು. ಚಿತ್ರೀಕರಣವಾದ ಮೇಲೆ ಅದು ಬದಲಾಗುವುದಿಲ್ಲ. ಪ್ರೇಕ್ಷಕರು ನಕ್ಕರೆಂದು ಬಿಂಬ ಕಾಯುವುದಿಲ್ಲ, ನಟಿ ಒಂದು ಮಾತು ಮರೆತರೆ ಬಿಂಬ ಎತ್ತಿಕೊಡುವುದಿಲ್ಲ. ಆದ್ದರಿಂದ ಚಿತ್ರೀಕರಣಕ್ಕೆ ಮೊದಲು ಇಡೀ ನಾಟಕದ ತಾಲೀಮು ಮುಗಿದಿರಲಿ. ತಾಲೀಮಿನಲ್ಲಿ ಇನ್ನೊಬ್ಬ ನಟಿಯನ್ನು ಎದುರು ಕೂರಿಸಿ ಬಿಂಬದ ಮಾತುಗಳನ್ನು ಆಡಿಸಿ, ಕೈಗಡಿಯಾರ ಹಿಡಿದು ಪ್ರತಿ ಮೌನವನ್ನೂ ಅಳೆದು ಬರೆದಿಟ್ಟುಕೊಳ್ಳಿ. ಚಿತ್ರೀಕರಣದ ದಿನ ಅದೇ ನಟಿ ಕ್ಯಾಮೆರಾದ ಪಕ್ಕದಲ್ಲಿ ಕುಳಿತು, ಮಂಜುಳಾಳ ಉತ್ತರಗಳನ್ನು ತುಟಿಯಲ್ಲೇ ಆಡುತ್ತಿರಲಿ. ಆಗ ಬಿಂಬದ ಕಣ್ಣು ಖಾಲಿ ಗೋಡೆಯನ್ನು ನೋಡದೆ, ಒಬ್ಬ ಮನುಷ್ಯಳ ಮುಖವನ್ನು ನೋಡುತ್ತಿರುತ್ತದೆ.